ಉಣ್ಣಲಾರದ ಮಕ್ಕಳು: ಆರೈಕೆಯಲ್ಲಿ ಮೊದಲು ಯಾವುದು?

"ಹಸಿವೇ ಇಲ್ಲ ಅಂತಾಳೆ ಡಾಕ್ಟ್ರೇ. ಒಂದು ಒಳ್ಳೆ ಟಾನಿಕ್ ಬರೆದುಕೊಡಿ."

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ತಮ್ಮ ಹದಿನಾರು ವರ್ಷದ ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆತಂದು ಹೀಗೆ ಕೇಳಿದರು. ಹುಡುಗಿ ಪಿ.ಯು.ಸಿ. ಮೊದಲ ವರ್ಷ, ಓದಿನಲ್ಲಿ ಮುಂದು. ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತದೆ ಎಂದಳು. ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಟಾನಿಕ್ ಬರೆದುಕೊಟ್ಟೆ. ತಿಂಗಳ ನಂತರ ಮತ್ತೆ ಬಂದರು, ಟಾನಿಕ್ ಬದಲಾಯಿಸಿದೆ. ತೂಕ ನೋಡಲಿಲ್ಲ. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಲಿಲ್ಲ. ಮೂರನೆಯ ಬಾರಿ ಅವಳು ಬಂದದ್ದು ಆಟೋದಲ್ಲಿ, ತಂದೆಯ ತೋಳಿಗೆ ಒರಗಿಕೊಂಡು. ಕಾಲೇಜಿನ ಮೆಟ್ಟಿಲು ಹತ್ತುವಾಗ ಕುಸಿದು ಬಿದ್ದಿದ್ದಳು. ನಾಡಿ ನಿಮಿಷಕ್ಕೆ 42. ಬೆರಳುಗಳು ಮಂಜಿನಂತೆ ತಣ್ಣಗಿದ್ದವು. ಮುಟ್ಟು ನಿಂತು ಐದು ತಿಂಗಳಾಗಿತ್ತು.

ಆ ತಪ್ಪು ನನ್ನದು. ಅದನ್ನು ಮುಚ್ಚಿಟ್ಟುಕೊಳ್ಳದೆ ಹೇಳುವುದಕ್ಕೆ ಕಾರಣವಿದೆ. ಇಂಥ ಮಕ್ಕಳನ್ನು ವೈದ್ಯರು ಗುರುತಿಸುವುದು ತಡವಾಗುತ್ತದೆ, ಮನೆಯವರು ಗುರುತಿಸುವುದೂ ತಡವಾಗುತ್ತದೆ. ಗುರುತಿಸಿದ ಮೇಲೆ ಪ್ರೀತಿಯಿಂದಲೇ ತಪ್ಪು ಮಾಡುತ್ತೇವೆ. ಆದ್ದರಿಂದ ಈ ವಾರ ಊಟದ ಕಾಯಿಲೆಗಳ ಆರೈಕೆಯಲ್ಲಿ ಮೊದಲು ಯಾವುದು, ನಂತರ ಯಾವುದು ಎಂಬುದನ್ನು ತಿಳಿದುಕೊಳ್ಳೋಣ.

ಏನಿದು ಕಾಯಿಲೆ?

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು 1873ರಲ್ಲಿ ಕೊಟ್ಟವರು ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್. ಅದೇ ವರ್ಷ ಪ್ಯಾರಿಸ್ಸಿನ ವೈದ್ಯ ಲಾಸೆಗ್ ಕೂಡ ಇದೇ ಕಾಯಿಲೆಯನ್ನು ವರ್ಣಿಸಿದರು. ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು ಎಂದರ್ಥ. ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಹಸಿವು ಇದ್ದೇ ಇರುತ್ತದೆ. ರೋಗಿ ಅದರೊಡನೆ ಹಗಲಿರುಳು ಹೋರಾಡುತ್ತಿರುತ್ತಾಳೆ. ತೂಕ ಹೆಚ್ಚೀತೆಂಬ ಭಯ ಎಷ್ಟು ಬಲವಾಗಿರುತ್ತದೆಂದರೆ, ಮೂಳೆ ಕಾಣುತ್ತಿದ್ದರೂ ಕನ್ನಡಿಯಲ್ಲಿ ಅವಳಿಗೆ ತಾನು ದಪ್ಪಗೆ ಕಾಣುತ್ತಾಳೆ.

ಬುಲೀಮಿಯಾ ಎರಡನೆಯದು. ಕಡಿಮೆ ಹೊತ್ತಿನಲ್ಲಿ, ತಡೆಯಲಾಗದೆ, ಬಹಳಷ್ಟು ತಿಂದುಬಿಡುವುದು. ಆಮೇಲೆ ನಾಚಿಕೆಯಿಂದ, ಭಯದಿಂದ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಅಥವಾ ದಿನಗಟ್ಟಲೆ ಉಪವಾಸ ಮಾಡುವುದು. ಇದನ್ನು ಪ್ರತ್ಯೇಕ ಕಾಯಿಲೆಯೆಂದು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸಲ್ ವಿವರಿಸಿದರು. ಈ ರೋಗಿಗಳ ತೂಕ ಸಾಮಾನ್ಯವಾಗಿಯೇ ಇರಬಹುದು. ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಅತಿಯಾಗಿ ತಿಂದು ವಾಂತಿ ಮುಂತಾದವನ್ನು ಮಾಡದ ಮೂರನೆಯ ಬಗೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಒಪ್ಪಿಕೊಂಡಿತು.

ಇವು ಹೆಚ್ಚಾಗಿ ಹರೆಯದ ಹುಡುಗಿಯರಲ್ಲಿ ಕಾಣಿಸುತ್ತವೆ. ಹುಡುಗರಿಗೂ ಬರುತ್ತವೆ; ಮೈಕಟ್ಟು ಬೆಳೆಸುವ ಹೆಸರಿನಲ್ಲಿ ಅನ್ನ ಬಿಟ್ಟು ಜಿಮ್ಮಿನಲ್ಲೇ ಕಾಲ ಕಳೆಯುವ ಹುಡುಗನನ್ನೂ ಗಮನಿಸಬೇಕು. ಮನೋರೋಗಗಳಲ್ಲಿ ಅತಿ ಹೆಚ್ಚು ಸಾವು ತರುವ ಕಾಯಿಲೆಗಳ ಪೈಕಿ ಅನೊರೆಕ್ಸಿಯಾ ಒಂದು. ಅಮೆರಿಕದ ಪ್ರಸಿದ್ಧ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ತೀರಿಕೊಂಡಾಗ ಆಕೆಗೆ ಕೇವಲ 32 ವರ್ಷ. ಈ ಕಾಯಿಲೆಯಿಂದ ಹೃದಯ ಸೋತಿತ್ತು.

ನಮ್ಮ ಮನೆಗಳಲ್ಲಿ ಇದು ಕಾಣುವ ಬಗೆ

ನಮ್ಮ ಮಕ್ಕಳು ಎಷ್ಟೋ ಸಲ "ನಾನು ದಪ್ಪಗಿದ್ದೇನೆ" ಎನ್ನುವುದೇ ಇಲ್ಲ. ಗ್ಯಾಸ್, ಹೊಟ್ಟೆ ಉಬ್ಬರ, ವಾಕರಿಕೆ, ಹಸಿವಿಲ್ಲ ಎನ್ನುತ್ತಾರೆ. ಸೋಮವಾರದ ಒಪ್ಪತ್ತು ವಾರಕ್ಕೆ ನಾಲ್ಕು ದಿನಗಳ ಉಪವಾಸವಾಗುತ್ತದೆ. ವ್ರತ ತಪ್ಪಲ್ಲ, ಆದರೆ ವ್ರತ ಮುಗಿದ ಮೇಲೂ ಊಟಕ್ಕೆ ಕೂರದಿದ್ದರೆ ಯೋಚಿಸಬೇಕು. ಇನ್ನು ಕೆಲವರು ಮನೆಮಂದಿಗೆಲ್ಲ ತಾವೇ ಅಡುಗೆ ಮಾಡಿ ಬಡಿಸುತ್ತಾರೆ. "ನಾನು ಆಮೇಲೆ ತಿಂತೀನಿ" ಎನ್ನುತ್ತಾರೆ. ಹೆಂಗಸರು ಕೊನೆಯಲ್ಲಿ ಉಣ್ಣುವ ಮನೆಗಳಲ್ಲಿ ಮಗಳು ಉಂಡಳೋ ಇಲ್ಲವೋ ಎಂದು ನೋಡುವವರೇ ಇರುವುದಿಲ್ಲ.

ಮುಟ್ಟು ನಿಲ್ಲುವುದು, ಸೆಕೆಗಾಲದಲ್ಲೂ ಸ್ವೆಟರ್ ಹಾಕಿಕೊಳ್ಳುವುದು, ಬೆನ್ನು ತೋಳುಗಳ ಮೇಲೆ ನವಿರಾದ ಕೂದಲು ಬೆಳೆಯುವುದು, ತಲೆಗೂದಲು ಉದುರುವುದು, ಮಲಬದ್ಧತೆ, ಊಟವಾದ ಕೂಡಲೇ ಬಚ್ಚಲಿಗೆ ಓಡುವುದು, ಬೆರಳಿನ ಗೆಣ್ಣುಗಳ ಮೇಲೆ ಗಾಯದ ಗುರುತು, ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವುದು, ಹಲ್ಲಿನ ಹೊಳಪು ಸವೆಯುವುದು ಇವೆಲ್ಲ ಸೂಚನೆಗಳು. ಹಾಗೆಂದು ಸಣಕಲಾದವರೆಲ್ಲ ಈ ರೋಗಿಗಳಲ್ಲ. ಕ್ಷಯ, ಥೈರಾಯಿಡ್ ತೊಂದರೆ, ಸಕ್ಕರೆ ಕಾಯಿಲೆ, ಕರುಳಿನ ಕಾಯಿಲೆ, ಮಾನಸಿಕ ಖಿನ್ನತೆ ಇಲ್ಲವೆಂದು ಮೊದಲು ಪರೀಕ್ಷಿಸಿ ತಿಳಿಯಬೇಕು.

ಮೊದಲನೆಯದು: ಜೀವ

ಕಾಯಿಲೆಯ ಬೇರು ಮನಸ್ಸಿನಲ್ಲಿದ್ದರೂ ಆರೈಕೆ ಶುರುವಾಗಬೇಕಾದದ್ದು ದೇಹದಿಂದ. ಆಸ್ಪತ್ರೆಯಲ್ಲಿ ದಾದಿಯರ ಮೊದಲ ಕೆಲಸ ನಾಡಿ, ರಕ್ತದ ಒತ್ತಡ, ಮೈಶಾಖವನ್ನು ಗಂಟೆ ತಪ್ಪದೆ ನೋಡುವುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಬೇಕು. ರಾತ್ರಿ ನಿದ್ದೆಯಲ್ಲಿ ನಾಡಿ ಇನ್ನೂ ಇಳಿಯುವುದರಿಂದ ಆಗಲೂ ನೋಡಬೇಕು. ಇ.ಸಿ.ಜಿ., ರಕ್ತದಲ್ಲಿ ಸಕ್ಕರೆ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಪ್ರಮಾಣಗಳ ಪರೀಕ್ಷೆ ಆಗಬೇಕು.

ವಾಂತಿ ಮತ್ತು ಭೇದಿ ಮಾತ್ರೆಗಳಿಂದ ದೇಹದ ಪೊಟ್ಯಾಸಿಯಂ ಸೋರಿಹೋಗುತ್ತದೆ. ಅದು ತೀರ ಇಳಿದರೆ ಹೃದಯದ ತಾಳ ತಪ್ಪುತ್ತದೆ. ನಿನ್ನೆ ನಗುನಗುತ್ತಿದ್ದವಳು ಇಂದು ಇಲ್ಲವಾಗಬಹುದು. ನೋಡಲು ಆರೋಗ್ಯವಾಗಿಯೇ ಕಾಣುವ ಬುಲೀಮಿಯಾ ರೋಗಿಗೂ ಈ ಅಪಾಯವಿದೆ.

ಮೈ ಬೆಚ್ಚಗಿಡುವುದು, ಮೂಳೆ ಎದ್ದ ಜಾಗಗಳಲ್ಲಿ ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದು, ಏಳುವಾಗ ತಲೆಸುತ್ತಿ ಬೀಳದಂತೆ ಜೊತೆಗಿರುವುದು ಚಿಕ್ಕ ಕೆಲಸಗಳಂತೆ ಕಂಡರೂ ಇವೇ ಶುಶ್ರೂಷೆ.

ಎರಡನೆಯದು: ಅನ್ನ, ಆದರೆ ಅಳೆದು

ನಮ್ಮ ಹುಡುಗಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ ಮರುದಿನ ನೋಡಲು ಹೋಗಿದ್ದೆ. ಅಜ್ಜಿ ಊರಿನಿಂದ ಡಬ್ಬಿಯ ತುಂಬ ಹೋಳಿಗೆ, ಒಂದು ಸೀಸೆ ತುಪ್ಪ ತಂದಿದ್ದರು. ಹುಡುಗಿ ಹೆದರಿಕೆಯಲ್ಲಿ "ತಿಂತೀನಿ" ಎಂದು ಒಪ್ಪಿಯೂ ಇದ್ದಳು. ವಾರ್ಡಿನ ಹಿರಿಯ ಸಿಸ್ಟರ್ ಬಂದು ಡಬ್ಬಿಯನ್ನು ಮೆಲ್ಲಗೆ ತೆಗೆದಿಟ್ಟರು. "ಅಜ್ಜಿ, ಇವತ್ತು ಇದು ಅವಳಿಗೆ ವಿಷ. ಸ್ವಲ್ಪ ದಿನ ತಡೀರಿ, ಆಮೇಲೆ ನೀವೇ ಕೈಯಾರೆ ತಿನ್ನಿಸುವಿರಂತೆ" ಎಂದರು. ಅಜ್ಜಿ ಕಣ್ಣೀರಿಟ್ಟರು. ಆದರೆ ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ.

ಬಹಳ ದಿನ ಉಪವಾಸವಿದ್ದ ದೇಹ ತನ್ನದೇ ಕೊಬ್ಬು, ಮಾಂಸಖಂಡಗಳನ್ನು ಉರಿಸಿ ಬದುಕುತ್ತಿರುತ್ತದೆ. ಫಾಸ್ಫೇಟ್ ಮುಂತಾದ ಲವಣಗಳ ದಾಸ್ತಾನು ಬರಿದಾಗಿದ್ದರೂ ರಕ್ತಪರೀಕ್ಷೆಯಲ್ಲಿ ಮೊದಲಿಗೆ ಅದು ಗೊತ್ತಾಗದಿರಬಹುದು. ಒಮ್ಮೆಲೇ ಅನ್ನ, ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿ ಉಳಿದಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅವು ಥಟ್ಟನೆ ಇಳಿದಾಗ ಹೃದಯ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ, ಕಾಲು ಊದುತ್ತದೆ, ಫಿಟ್ಸ್ ಬರಬಹುದು, ಸಾವೂ ಸಂಭವಿಸಬಹುದು. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದು ಬಂದಿಗಳು ಸೆರೆಶಿಬಿರಗಳಿಂದ ಬಿಡುಗಡೆಯಾದಾಗ, ಹಸಿದು ಬದುಕುಳಿದಿದ್ದವರಲ್ಲಿ ಕೆಲವರು ಹೊಟ್ಟೆ ತುಂಬ ಊಟ ಸಿಕ್ಕಿದ ಮೇಲೆ ಸತ್ತರು. ವೈದ್ಯರು ಈ ಪಾಠ ಕಲಿತದ್ದು ಹೀಗೆ.

ಆದ್ದರಿಂದ ಮೊದಲ ಒಂದೆರಡು ವಾರ ಊಟದ ಪ್ರಮಾಣವನ್ನು ವೈದ್ಯರು ಮತ್ತು ಆಹಾರತಜ್ಞರು ನಿಶ್ಚಯಿಸುತ್ತಾರೆ. ಉಣಿಸುವ ಮೊದಲೇ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಆಗಾಗ್ಗೆ ರಕ್ತಪರೀಕ್ಷೆ ಮಾಡುತ್ತಾ ಪ್ರಮಾಣವನ್ನು ಏರಿಸುತ್ತಾ ಹೋಗುತ್ತಾರೆ. ಅತಿಯಾಗಿ ಹೆದರಿ ತೀರ ಕಡಿಮೆ ಕೊಡುವುದೂ ಅಪಾಯವೇ. ಇದ್ದ ತೂಕವೂ ಇಳಿದುಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಿಶ್ಶಕ್ತಿ ಎಂದೊಡನೆ "ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ" ಎನ್ನುವುದು ನಮ್ಮಲ್ಲಿ ರೂಢಿ. ವಾರಗಟ್ಟಲೆ ಊಟ ಬಿಟ್ಟವರಿಗೆ ಬಿ1 ಕೊಡದೆ, ರಕ್ತಪರೀಕ್ಷೆ ಮಾಡದೆ ಗ್ಲೂಕೋಸ್ ಏರಿಸಿದರೆ ಮೇಲೆ ಹೇಳಿದ ಅನಾಹುತವನ್ನು ನಾವೇ ಕರೆದಂತಾಗುತ್ತದೆ. ಮಿದುಳಿಗೂ ಹಾನಿಯಾದೀತು. ಕೇಳಿ ಹಾಕಿಸಿಕೊಳ್ಳಬೇಡಿ.

ಮೂರನೆಯದು: ತಟ್ಟೆಯ ಮುಂದೆ ಜೊತೆಗಿರುವುದು

ಊಟವೇ ಔಷಧಿ. ಆದರೆ ಈ ಔಷಧಿಯನ್ನು ತಟ್ಟೆಗೆ ಬಡಿಸಿ ಹೋದರೆ ಸಾಲದು. ಎದುರಿಗೆ ಕುಳಿತಿರಬೇಕು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಗೊತ್ತಾದ ಹೊತ್ತಿಗೆ. ಏನು, ಎಷ್ಟು ಎಂಬುದು ಮೊದಲೇ ನಿರ್ಧಾರವಾಗಿರಲಿ. ತಟ್ಟೆಯ ಮುಂದೆ ಚೌಕಾಶಿ ಬೇಡ. ಊಟಕ್ಕೆ ಸುಮಾರು ಅರ್ಧ ಗಂಟೆ. ಬಡಿಸುವವರು ನೀವೇ ಆಗಿರಿ. ನೀವೂ ಜೊತೆಯಲ್ಲಿ ಉಣ್ಣಿ.

ತುತ್ತು ಗಂಟಲಲ್ಲಿ ಇಳಿಯದೆ ಅತ್ತರೆ ಬೈಯಬೇಡಿ, ಬೇಡಿಕೊಳ್ಳಲೂ ಬೇಡಿ, "ನನ್ನ ಮೇಲಾಣೆ" ಎಂದು ಆಣೆ ಇಡಬೇಡಿ. "ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಿ. ಇದು ನಿನ್ನ ಔಷಧಿ. ನಾನು ಇಲ್ಲೇ ಕೂತಿರ್ತೀನಿ" ಎಂಬ ಒಂದೇ ಮಾತನ್ನು ಶಾಂತವಾಗಿ ಹೇಳುತ್ತಿರಿ. ಈ ಎರಡನ್ನೂ ನೆನಪಿಡಿ: ಮಗಳ ಬಗ್ಗೆ ಮೃದುವಾಗಿರಿ, ಕಾಯಿಲೆಯ ಬಗ್ಗೆ ಗಟ್ಟಿಯಾಗಿರಿ.

ಊಟದ ನಂತರದ ಒಂದು ಗಂಟೆ ಊಟದಷ್ಟೇ ಮುಖ್ಯ. ಬಚ್ಚಲಿಗೆ ಹೋಗುವುದಿದ್ದರೆ ಊಟಕ್ಕೆ ಮೊದಲೇ ಹೋಗಿಬರಲಿ. ಆಮೇಲೆ ಜೊತೆಯಲ್ಲಿ ಚೌಕಾಬಾರ ಆಡಿ, ಹಾಡು ಕೇಳಿ, ಹೂ ಕಟ್ಟಿ. ವಾಂತಿಗೆ, ಗುಟ್ಟಾಗಿ ವ್ಯಾಯಾಮ ಮಾಡುವುದಕ್ಕೆ ಅವಕಾಶ ತಪ್ಪುತ್ತದೆ; ಊಟದ ನಂತರ ಮನಸ್ಸಿನಲ್ಲಿ ಏಳುವ ಗಾಬರಿಯೂ ಇಳಿಯುತ್ತದೆ. ಕಾವಲು ಕಾಯುವ ಪೊಲೀಸಿನಂತಲ್ಲ, ಜ್ವರ ಬಂದ ಮಗುವಿನ ಪಕ್ಕ ಕೂರುವಂತೆ ಕೂರಬೇಕು.

ನಾಲ್ಕನೆಯದು: ತೂಕ ಮತ್ತು ಒಂದೇ ಮಾತು

ವೈದ್ಯರು ಹೇಳಿದ ದಿನ ಮಾತ್ರ ತೂಕ ನೋಡಿ. ಬೆಳಗ್ಗೆ, ಮೂತ್ರಕ್ಕೆ ಹೋಗಿಬಂದ ಮೇಲೆ, ತೆಳು ಬಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ. ಭಯದಿಂದ ತೂಕವನ್ನು ಹೆಚ್ಚು ತೋರಿಸುವ ಉಪಾಯಗಳನ್ನು ರೋಗಿಗಳು ಮಾಡುವುದುಂಟು. ಅದು ಕಾಯಿಲೆಯ ಲಕ್ಷಣವೇ ಹೊರತು ಕಪಟವಲ್ಲ. ಗೊತ್ತಾದಾಗ ಅವಮಾನಿಸದೆ ವೈದ್ಯರಿಗೆ ತಿಳಿಸಿ. ಆಸ್ಪತ್ರೆಯಲ್ಲಿ ವಾರಕ್ಕೆ ಅರ್ಧದಿಂದ ಒಂದು ಕಿಲೋ ಏರಿದರೆ ಸರಿಯಾದ ದಾರಿಯಲ್ಲಿದ್ದೇವೆ ಎಂದರ್ಥ. ಮನೆಯಲ್ಲಿರುವ ತಕ್ಕಡಿಯನ್ನು ಸದ್ಯಕ್ಕೆ ಅಟ್ಟಕ್ಕೇರಿಸಿ.

ವಾರ್ಡಿನಲ್ಲಿ ಮೂರು ಪಾಳಿಯ ದಾದಿಯರೂ ಒಂದೇ ನಿಯಮ ಪಾಲಿಸುತ್ತಾರೆ. ಮನೆಯಲ್ಲೂ ಹಾಗೇ ಇರಬೇಕು. ಅಮ್ಮ ಅರ್ಧ ಚಪಾತಿ ಬಿಡಲಾಗದು ಎಂದಾಗ ಅಪ್ಪ "ಹೋಗ್ಲಿ ಬಿಡೇ" ಎಂದರೆ, ಆ ಸಂದಿನಲ್ಲಿ ಕಾಯಿಲೆ ನುಸುಳುತ್ತದೆ. ಅಪ್ಪ, ಅಮ್ಮ, ಅಜ್ಜಿ ಮೊದಲು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿ.

ಐದನೆಯದು: ಮನಸ್ಸು

ಹಸಿವು ಮನಸ್ಸನ್ನೂ ಕೆಡಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಅಭ್ಯಾಸ ಮಾಡಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಯಾವ ಮನೋರೋಗವೂ ಇಲ್ಲದಿದ್ದ ಅವರು ಸಿಡುಕರಾದರು, ಮಂಕಾದರು, ಗೆಳೆಯರಿಂದ ದೂರ ಸರಿದರು, ಹಗಲೆಲ್ಲ ಅಡುಗೆ ಪುಸ್ತಕ ಓದತೊಡಗಿದರು. ನಿಮ್ಮ ಮಗಳ ಸಿಡುಕು, ಹಟಗಳಲ್ಲಿ ಬಹುಪಾಲು ಹಸಿವಿನದೇ ಎಂಬುದು ಇದರಿಂದ ತಿಳಿಯುತ್ತದೆ. ದೇಹಕ್ಕೆ ಅನ್ನ ಸಿಕ್ಕಿದ ಮೇಲೆಯೇ ಮನಸ್ಸಿಗೆ ಹೇಳಿದ ಮಾತು ನಾಟುತ್ತದೆ.

ಮಾತಿನಲ್ಲಿ ಎಚ್ಚರವಿರಲಿ. "ಈಗ ಸ್ವಲ್ಪ ಮೈ ತುಂಬಿಕೊಂಡಿದ್ದೀಯ, ಚೆನ್ನಾಗಿ ಕಾಣ್ತೀಯ" ಎಂದು ನೀವು ಸಂತೋಷದಿಂದಲೇ ಅನ್ನುತ್ತೀರಿ. ಅವಳಿಗೆ ಕೇಳಿಸುವುದು "ದಪ್ಪಗಾದೆ" ಎಂದು. "ಇವತ್ತು ನಗ್ತಾ ಇದ್ದೀಯ, ಖುಷಿಯಾಯ್ತು" ಎನ್ನಿ. ನೆಂಟರು ಬಂದಾಗ ಮೈಬಣ್ಣ, ಮೈಕಟ್ಟಿನ ಚರ್ಚೆ ಬೇಡ. ಮೊಬೈಲಿನಲ್ಲಿ ತೂಕ ಇಳಿಸುವ ರೀಲುಗಳನ್ನು ಅವಳು ಒಬ್ಬಳೇ ಗಂಟೆಗಟ್ಟಲೆ ನೋಡುತ್ತಿದ್ದರೆ ಅದರ ಬಗ್ಗೆಯೂ ಮಾತಾಡಿ.

ಈ ಕಾಯಿಲೆಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಅಂದೇ ವೈದ್ಯರಿಗೆ ತೋರಿಸಿ.

ಚಿಕಿತ್ಸೆಯ ವಿಚಾರ

ಅನೊರೆಕ್ಸಿಯಾ ವಾಸಿಮಾಡುವ ಮಾತ್ರೆ ಇಲ್ಲ. ಹರೆಯದವರಲ್ಲಿ ಹೆಚ್ಚು ಫಲ ಕೊಟ್ಟಿರುವುದು, ತಂದೆ ತಾಯಿಯರೇ ಊಟದ ಹೊಣೆ ಹೊತ್ತು, ಮಗು ಚೇತರಿಸಿದಂತೆ ಆ ಹೊಣೆಯನ್ನು ಹಂತಹಂತವಾಗಿ ಮಗುವಿಗೆ ಮರಳಿಸುವ ಕುಟುಂಬ ಚಿಕಿತ್ಸೆ. ಇದು 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಬುಲೀಮಿಯಾಗೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಇದೆ. ದೊಡ್ಡವರಿಗೆ ಫ್ಲುಯೊಕ್ಸೆಟಿನ್ ಎಂಬ ಔಷಧಿ ನೆರವಾಗುತ್ತದೆ. ಅದನ್ನು ವೈದ್ಯರೇ ಬರೆದುಕೊಡಬೇಕು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಆಮ್ಲದಿಂದ ಮೆದುವಾದ ಹೊಳಪು ಇನ್ನೂ ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಮೂಗಿನ ಮೂಲಕ ನಳಿಕೆ ಹಾಕಿ ಉಣಿಸುವುದು ಜೀವ ಉಳಿಸಲು ಅನಿವಾರ್ಯವಾದಾಗ ಮಾತ್ರ. "ತಿನ್ನದಿದ್ದರೆ ನಳಿಕೆ ಹಾಕಿಸ್ತೀನಿ" ಎಂದು ಶಿಕ್ಷೆಯಂತೆ ಹೆದರಿಸಬೇಡಿ.

"ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ" ಎಂಬ ಸಲಹೆ ಖಂಡಿತ ಬರುತ್ತದೆ. ಸರಿಹೋಗುವುದಿಲ್ಲ. ಬಸುರಿಯಾದರೆ ಎರಡು ಜೀವಗಳಿಗೂ ಕಷ್ಟ. ಹರಕೆ ಹೊರುವುದಿದ್ದರೆ ಹೊರಿ; ಚಿಕಿತ್ಸೆಯನ್ನು ಮಾತ್ರ ತಡಮಾಡಬೇಡಿ.

ಮೊದಲು ನಿಮ್ಮ ಕುಟುಂಬ ವೈದ್ಯರಲ್ಲಿ ಹೋಗಿ, ತೂಕ, ನಾಡಿ, ರಕ್ತದೊತ್ತಡ ನೋಡಿಸಿ. ಟಾನಿಕ್ ಸಾಕೆಂದರೆ, ಮುಟ್ಟಿನ ವಿಷಯ, ಊಟದ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಮುಂದೆ ಮನೋವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸೂಚನೆಗಳು

* ತಲೆಸುತ್ತಿ ಬೀಳುವುದು, ಎದೆನೋವು, ಎದೆ ಹೊಡೆದುಕೊಳ್ಳುವುದು, ಉಸಿರುಗಟ್ಟುವುದು
* ಎಚ್ಚರವಾಗಿರುವಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇರುವುದು
* ಕುಕ್ಕರುಗಾಲಿನಲ್ಲಿ ಕೂತವಳು ಕೈಯೂರದೆ ಏಳಲಾಗದಿರುವುದು
* ದಿನಕ್ಕೆ ಹಲವು ಸಲ ವಾಂತಿ, ವಾಂತಿಯಲ್ಲಿ ರಕ್ತ, ಕೈಕಾಲು ಸೆಟೆತ
* ನೀರನ್ನೂ ನಿರಾಕರಿಸುವುದು, ಮಾತು ತೊದಲುವುದು, ಮಂಪರು
* ಮತ್ತೆ ಊಟ ಶುರುಮಾಡಿದ ಮೊದಲ ದಿನಗಳಲ್ಲಿ ಕಾಲು ಊದುವುದು, ಏದುಸಿರು, ಗೊಂದಲ
* ಸಾಯುವ ಮಾತು
* ಸಕ್ಕರೆ ಕಾಯಿಲೆಯ ಮಗು ತೂಕ ಇಳಿಸಲು ಇನ್ಸುಲಿನ್ ತಪ್ಪಿಸುತ್ತಿರುವುದು

ಕೊನೆಯದಾಗಿ ನೋಡಿಕೊಳ್ಳುವವರ ಮಾತು. ದಿನಕ್ಕೆ ಐದಾರು ಸಲ ತಟ್ಟೆಯ ಮುಂದೆ ಕೂರುವುದು ತಾಯಿಯೊಬ್ಬಳಿಂದ ಆಗದು. ಅಪ್ಪ ಬೆಳಗಿನ ತಿಂಡಿಗೆ, ಅತ್ತೆಯೋ ಚಿಕ್ಕಮ್ಮನೋ ಮಧ್ಯಾಹ್ನಕ್ಕೆ, ಹೀಗೆ ಪಾಳಿ ಹಂಚಿಕೊಳ್ಳಿ. "ನನ್ನಿಂದಲೇ ಹೀಗಾಯ್ತು" ಎಂದು ಕೊರಗಬೇಡಿ. ಈ ಕಾಯಿಲೆಗೆ ವಂಶವಾಹಿ, ಸ್ವಭಾವ, ಸುತ್ತಲಿನ ಸಮಾಜ ಹೀಗೆ ಹಲವು ಕಾರಣಗಳಿವೆ. ಹೆತ್ತವರ ತಪ್ಪಿನಿಂದ ಬರುವುದಲ್ಲ.

ಆ ಹುಡುಗಿಯ ತೂಕ ಸರಿಹೋಗಲು ಒಂದು ವರ್ಷ ಹಿಡಿಯಿತು. ನಡುವೆ ಒಮ್ಮೆ ಮತ್ತೆ ಇಳಿಯಿತು, ಮತ್ತೆ ಆಸ್ಪತ್ರೆ ಸೇರಿದಳು. ಮನಸ್ಸಿಗೆ ಇನ್ನೂ ಒಂದು ವರ್ಷ ಬೇಕಾಯಿತು. ಒಂದು ಯುಗಾದಿಯ ಸಂಜೆ ಅವಳ ತಾಯಿ ಫೋನು ಮಾಡಿ, ಅಜ್ಜಿ ಹೋಳಿಗೆ ಬಡಿಸಿದರು, ಅರ್ಧ ತಿಂದಳು, ಉಳಿದರ್ಧ ನಾಳೆಗೆ ಇಟ್ಟಿದ್ದಾಳೆ ಎಂದರು. ಆವತ್ತಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಹಸಿವಿಲ್ಲ ಎಂದು ಬರುವ ಯಾವ ಮಗುವೂ ತಕ್ಕಡಿ ಹತ್ತದೆ ಹೋಗುವುದಿಲ್ಲ. ನೀವೂ ಇವತ್ತು ರಾತ್ರಿ ಊಟಕ್ಕೆ ಮಕ್ಕಳ ಜೊತೆಯಲ್ಲೇ ಕುಳಿತುಕೊಳ್ಳಿ.